ಹದಿಹರೆಯದ ಮೆದುಳು: ಕಾವಿನ ಹೊತ್ತಿಗೊಂದು ಮಾತು, ತಣಿದ ಹೊತ್ತಿಗೊಂದು ಮಾತು

ಮನೆಯಲ್ಲಿ ಹದಿಮೂರು, ಹದಿನಾಲ್ಕರ ಮಕ್ಕಳಿರುವ ತಂದೆತಾಯಂದಿರ ಗೊಂದಲ ಬಹುಮಟ್ಟಿಗೆ ಒಂದೇ ಬಗೆಯದು. ಬೀಜಗಣಿತದ ಕಷ್ಟದ ಲೆಕ್ಕವನ್ನು ನಿಮಿಷದಲ್ಲಿ ಬಿಡಿಸುವ, ದೊಡ್ಡವರ ವಾದದಲ್ಲಿರುವ ದೋಷವನ್ನು ತಟ್ಟನೆ ಹಿಡಿದು ತೋರಿಸುವ ಮಗಳು, ಅದೇ ಸಂಜೆ ಒಂದು ಸಣ್ಣ ಮಾತಿಗೆ ಕೆರಳಿ ಕೋಣೆಯ ಬಾಗಿಲನ್ನು ದಡಾರನೆ ಹಾಕಿಕೊಳ್ಳುವುದೇಕೆ? ಬುದ್ಧಿ ಬಂದಿಲ್ಲ ಎನ್ನುವಂತಿಲ್ಲ. ಬಂದಿದೆ ಎನ್ನಲು ಮನಸ್ಸು ಒಪ್ಪುವುದಿಲ್ಲ. ನಿಜವೇನೆಂದರೆ, ಯೋಚಿಸುವ ಶಕ್ತಿ ಬೆಳೆಯುವುದು ಒಂದು ವಯಸ್ಸಿನಲ್ಲಿ, ಭಾವನೆ ಉಕ್ಕಿದಾಗಲೂ ಆ ಶಕ್ತಿಯನ್ನು ಬಳಸಿಕೊಳ್ಳುವ ಸಾಮರ್ಥ್ಯ ಬೆಳೆಯುವುದು ಇನ್ನೊಂದು ವಯಸ್ಸಿನಲ್ಲಿ. ಈ ಎರಡರ ನಡುವಿನ ವರ್ಷಗಳನ್ನು ಮನೆಯವರು ಹೇಗೆ ನಿಭಾಯಿಸಬೇಕು ಎಂಬುದೇ ಈ ಬರಹದ ವಿಷಯ.

ಮೆದುಳಿನಲ್ಲಿ ನಡೆಯುತ್ತಿರುವುದೇನು

ಆರನೆಯ ವಯಸ್ಸಿನ ಹೊತ್ತಿಗೇ ಮಗುವಿನ ಮೆದುಳು ಗಾತ್ರದಲ್ಲಿ ವಯಸ್ಕರ ಮೆದುಳಿನ ಸುಮಾರು ಶೇ 90ರಷ್ಟಾಗಿರುತ್ತದೆ. ಹಾಗಾಗಿ ಅದರ ಬೆಳವಣಿಗೆಯ ಮುಖ್ಯ ಕೆಲಸವೆಲ್ಲ ಬಾಲ್ಯದಲ್ಲೇ ಮುಗಿಯುತ್ತದೆ ಎಂಬ ನಂಬಿಕೆ ಬಹುಕಾಲ ಇತ್ತು. ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ ಜೇ ಗೀಡ್ ಮತ್ತು ಅವರ ಸಹೋದ್ಯೋಗಿಗಳು ಅವೇ ಮಕ್ಕಳನ್ನು ವರ್ಷಗಳ ಅಂತರದಲ್ಲಿ ಮತ್ತೆ ಮತ್ತೆ ಎಂಆರ್‌ಐ ಸ್ಕ್ಯಾನ್‌ಗೆ ಒಳಪಡಿಸಿ 1999ರಲ್ಲಿ ಪ್ರಕಟಿಸಿದ ಫಲಿತಾಂಶ ಆ ನಂಬಿಕೆಯನ್ನು ಅಲುಗಿಸಿತು. ಮೆದುಳಿನ ಮುಂಭಾಗದ ಬೂದು ದ್ರವ್ಯವು, ಅಂದರೆ ನರಕೋಶಗಳೂ ಅವುಗಳ ಸಂಪರ್ಕಗಳೂ ದಟ್ಟವಾಗಿರುವ ಭಾಗವು, ಸುಮಾರು ಹನ್ನೊಂದು, ಹನ್ನೆರಡನೆಯ ವಯಸ್ಸಿನವರೆಗೆ ಹೆಚ್ಚುತ್ತ ಹೋಗಿ, ಅನಂತರ ವರ್ಷಗಟ್ಟಲೆ ನಿಧಾನವಾಗಿ ಕಡಿಮೆಯಾಗುತ್ತದೆ ಎಂಬುದು ಅವರಿಗೆ ಕಂಡುಬಂತು.

ಕಡಿಮೆಯಾಗುವುದೆಂದರೆ ನಷ್ಟವೆಂದು ತಿಳಿಯಬೇಕಾಗಿಲ್ಲ. ಬಾಲ್ಯದಲ್ಲಿ ಅಗತ್ಯಕ್ಕಿಂತ ಹೆಚ್ಚಾಗಿ ಹುಟ್ಟಿಕೊಂಡ ನರಸಂಪರ್ಕಗಳ ಪೈಕಿ ಬಳಕೆಯಾಗದವು ಬಿದ್ದುಹೋಗುತ್ತವೆ, ಬಳಕೆಯಲ್ಲಿರುವವು ಗಟ್ಟಿಯಾಗುತ್ತವೆ. ಜೊತೆಗೇ, ವಿದ್ಯುತ್ ತಂತಿಗೆ ಹೊದಿಕೆ ಇರುವಂತೆ ನರತಂತುಗಳ ಸುತ್ತ ಮಯಲಿನ್ ಎಂಬ ಕೊಬ್ಬಿನ ಪದರ ಕೂಡಿಕೊಂಡು ಸಂದೇಶಗಳ ಓಟ ಬಹಳ ವೇಗ ಪಡೆಯುತ್ತದೆ. ಈ ಕೆಲಸ ಎಲ್ಲ ಭಾಗಗಳಲ್ಲಿ ಒಟ್ಟಿಗೆ ನಡೆಯುವುದಿಲ್ಲ. ನೋಟ ಮತ್ತು ಚಲನೆಯ ಭಾಗಗಳು ಮೊದಲು ಪಕ್ವವಾಗುತ್ತವೆ. ಮುಂದಾಲೋಚನೆ, ಆವೇಗಗಳಿಗೆ ತಡೆ, ಪರಿಣಾಮಗಳ ತೂಗುವಿಕೆ ಇವುಗಳಿಗೆ ಆಧಾರವಾದ ಹಣೆಯ ಹಿಂದಿನ ಭಾಗ, ಅಂದರೆ ಪ್ರೀಫ್ರಂಟಲ್ ಕಾರ್ಟೆಕ್ಸ್, ಕೊನೆಯಲ್ಲಿ ಪಕ್ವವಾಗುವ ಭಾಗಗಳಲ್ಲೊಂದಾಗಿದ್ದು ಅದರ ಬೆಳವಣಿಗೆ ಇಪ್ಪತ್ತರ ದಶಕದ ಮಧ್ಯಭಾಗದವರೆಗೂ ಮುಂದುವರಿಯುತ್ತದೆ. ಭಾವನೆ ಮತ್ತು ಸುಖದ ನಿರೀಕ್ಷೆಗೆ ಸಂಬಂಧಿಸಿದ ಒಳಭಾಗಗಳಾದರೋ ಪ್ರೌಢತೆಯ ಹಾರ್ಮೋನುಗಳು ಏರತೊಡಗಿದಾಗಲೇ ತೀವ್ರವಾಗಿ ಸ್ಪಂದಿಸತೊಡಗುತ್ತವೆ.

ಹನ್ನೊಂದು ದೇಶಗಳಲ್ಲಿ ಹತ್ತರಿಂದ ಮೂವತ್ತು ವರ್ಷದವರೆಗಿನ ಐದು ಸಾವಿರಕ್ಕೂ ಹೆಚ್ಚು ಜನರನ್ನು ಪರೀಕ್ಷಿಸಿದ, 2019ರಲ್ಲಿ ಪ್ರಕಟವಾದ ಅಧ್ಯಯನವೊಂದು ಈ ಅಂತರವನ್ನು ಚೆನ್ನಾಗಿ ತೋರಿಸಿತು. ಅವಸರವಿಲ್ಲದ ಶಾಂತ ಸನ್ನಿವೇಶದಲ್ಲಿ ತರ್ಕಿಸುವ ಶಕ್ತಿ ಹದಿನಾರರ ಹೊತ್ತಿಗೆ ವಯಸ್ಕರ ಮಟ್ಟಕ್ಕೆ ಬಂದಿರುತ್ತದೆ. ಉದ್ವೇಗದ ನಡುವೆ ತನ್ನನ್ನು ತಾನು ಹಿಡಿದುಕೊಳ್ಳುವ ಪಕ್ವತೆ ಹದಿನೆಂಟು ದಾಟಿದ ಮೇಲೂ ಬೆಳೆಯುತ್ತಲೇ ಇರುತ್ತದೆ. ಮನೆಯವರಿಗೆ ಇದಕ್ಕಿಂತ ಉಪಯುಕ್ತವಾದ ಮಾಹಿತಿ ಇನ್ನೊಂದಿಲ್ಲವೆಂದು ನನ್ನ ಅಭಿಪ್ರಾಯ. ಇಪ್ಪತ್ತೈದರವರೆಗೆ ಮೆದುಳೇ ಬೆಳೆದಿರುವುದಿಲ್ಲ ಎಂದು ಕೆಲವರು ಹೇಳುವುದುಂಟು. ಅದು ಮಕ್ಕಳಿಗೆ ಮಾಡುವ ಅನ್ಯಾಯ. ತಣ್ಣಗೆ ಕೂತು ಮಾತಾಡಿದರೆ ಹದಿನಾರರ ಹುಡುಗ ನಮ್ಮಷ್ಟೇ ಸಮರ್ಥವಾಗಿ ಯೋಚಿಸಬಲ್ಲ. ಆದ್ದರಿಂದ ನಿರ್ಧಾರಗಳೆಲ್ಲ ತಣಿದ ಹೊತ್ತಿನಲ್ಲಿ ಆಗಬೇಕು, ಕಾವಿನ ಹೊತ್ತಿನಲ್ಲಿ ಮಾತು ಆದಷ್ಟು ಕಡಿಮೆಯಾಗಬೇಕು.

ಕಾವಿನ ಹೊತ್ತಿನಲ್ಲಿ

ಪಿಟ್ಸ್‌ಬರ್ಗ್, ಬರ್ಕ್‌ಲಿ ಮತ್ತು ಹಾರ್ವರ್ಡ್ ವಿಶ್ವವಿದ್ಯಾಲಯಗಳ ಸಂಶೋಧಕರು ಹದಿಹರೆಯದವರಿಗೆ ಅವರವರ ತಾಯಿಯದೇ ದನಿಯಲ್ಲಿ ಮುದ್ರಿಸಿದ ಆಕ್ಷೇಪಣೆಯ ಮಾತುಗಳನ್ನು ಅರ್ಧ ನಿಮಿಷ ಕೇಳಿಸಿ, ಆ ಹೊತ್ತಿನ ಮೆದುಳಿನ ಚಟುವಟಿಕೆಯನ್ನು ಅಳೆದರು. ಭಾವನೆಯ ಭಾಗಗಳಲ್ಲಿ ಚಟುವಟಿಕೆ ಏರಿತು. ಭಾವನೆಯನ್ನು ಹತೋಟಿಗೆ ತರುವ ಮತ್ತು ಎದುರಿನವರ ಮನಸ್ಸಿನಲ್ಲೇನಿದೆ ಎಂದು ಊಹಿಸುವ ಭಾಗಗಳಲ್ಲಿ ಇಳಿಯಿತು. ಅಂದರೆ, ನಿನ್ನ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ ಎಂದು ತಾಯಿ ಎಷ್ಟು ಉದ್ದಕ್ಕೆ ವಿವರಿಸಿದರೂ, ಆ ಒಳ್ಳೆಯ ಉದ್ದೇಶವನ್ನು ಗ್ರಹಿಸಬೇಕಾದ ಶಕ್ತಿಯೇ ಆ ಗಳಿಗೆಯಲ್ಲಿ ಕುಗ್ಗಿರುತ್ತದೆ. ಒಂದು ಸಣ್ಣ ಅಧ್ಯಯನದಿಂದ ಎಲ್ಲವನ್ನೂ ತೀರ್ಮಾನಿಸಲಾಗದು. ಆದರೂ ಬೈಗುಳ ಉದ್ದವಾದಷ್ಟೂ ಮಗುವಿನ ಮುಖ ಕಲ್ಲಾಗುತ್ತ ಹೋಗುವುದನ್ನು ಕಂಡವರಿಗೆ ಈ ಫಲಿತಾಂಶ ಅಪರಿಚಿತವೆನಿಸಲಾರದು.

ಒಂದು ಸಂದರ್ಭವನ್ನು ತೆಗೆದುಕೊಳ್ಳಿ. ಎಂಟು ಗಂಟೆಗೆ ಬರುತ್ತೇನೆಂದು ಹೋದ ಹದಿನೈದರ ಮಗ ಒಂಬತ್ತೂವರೆಗೆ ಬಾಗಿಲು ತಟ್ಟುತ್ತಾನೆ. ಫೋನ್ ಎತ್ತಿಲ್ಲ. ಅಮ್ಮನ ಎದೆಯಲ್ಲಿ ಒಂದೂವರೆ ಗಂಟೆಯ ಭಯ ಮಡುಗಟ್ಟಿದೆ. ಬಾಗಿಲು ತೆರೆದ ಕೂಡಲೇ ಅದು ಕೋಪವಾಗಿ ಹೊರಬೀಳುತ್ತದೆ. "ಎಲ್ಲಿ ಹಾಳಾಗಿ ಹೋಗಿದ್ದೆ? ಎಷ್ಟು ಸಲ ಹೇಳಬೇಕು ನಿನಗೆ? ಹೋದ ತಿಂಗಳೂ ಹೀಗೇ ಮಾಡಿದ್ದೆ." ಮಗನಿಗೆ ಕೇಳಿಸುವುದು ಕೋಪ ಮಾತ್ರ, ಅದರ ಹಿಂದಿನ ಭಯವಲ್ಲ. ಅವನು ಎದುರು ಮಾತಾಡುತ್ತಾನೆ, ಹೋದ ತಿಂಗಳ ಕಥೆ ಬೇರೆಯೇ ಇತ್ತೆಂದು ವಾದಿಸುತ್ತಾನೆ, ಐದು ನಿಮಿಷದಲ್ಲಿ ಜಗಳದ ವಿಷಯ ತಡವಾಗಿ ಬಂದದ್ದಾಗಿ ಉಳಿಯದೆ ಅಮ್ಮನೊಡನೆ ಅವನಾಡಿದ ಮಾತಿನ ಧಾಟಿಯಾಗಿಬಿಡುತ್ತದೆ. ಇದೇ ತಾಯಿ ಹೀಗೂ ಹೇಳಬಹುದು: "ಬಂದೆಯಲ್ಲ, ಸದ್ಯ. ನನಗೆ ತುಂಬಾ ಹೆದರಿಕೆಯಾಗಿತ್ತು. ಊಟ ಮಾಡು. ಇದರ ಬಗ್ಗೆ ನಾಳೆ ಸಂಜೆ ಮಾತಾಡಲೇಬೇಕು." ಇದರಲ್ಲಿ ತಪ್ಪನ್ನು ಕ್ಷಮಿಸಿದ್ದಿಲ್ಲ, ಭಯವನ್ನು ಕೋಪದ ಹಿಂದೆ ಅಡಗಿಸಿದ್ದೂ ಇಲ್ಲ. ವಿಚಾರಣೆಯನ್ನು ಮಾತ್ರ ಅವನ ತಲೆ ಕೆಲಸ ಮಾಡುವ ಹೊತ್ತಿಗೆ ಮುಂದೂಡಿದ್ದಾಯಿತು.

ಮರುದಿನ ಸಂಜೆ ಮಾತಾಡಲೇಬೇಕೆಂಬುದನ್ನು ಮರೆಯಬೇಡಿ. ಮುಂದೂಡಿದ ಮಾತನ್ನು ಬಿಟ್ಟುಬಿಟ್ಟರೆ, ಸುಮ್ಮನಿದ್ದರೆ ಎಲ್ಲವೂ ತಾನೇ ತಣ್ಣಗಾಗುತ್ತದೆಂದು ಮಗ ಕಲಿಯುತ್ತಾನೆ. ಇನ್ನೊಂದು ಎಚ್ಚರಿಕೆ: ಕಾವಿನ ಹೊತ್ತಿನಲ್ಲಿ ಶಿಕ್ಷೆ ಘೋಷಿಸಬೇಡಿ. "ಇನ್ನೊಂದು ತಿಂಗಳು ಫೋನ್ ಮುಟ್ಟುವಂತಿಲ್ಲ" ಎಂದು ಕೂಗಿದ್ದು ಮೂರನೆಯ ದಿನಕ್ಕೇ ಸಡಿಲವಾದರೆ, ಮುಂದೆ ನೀವು ವಿಚಾರ ಮಾಡಿ ಹೇಳಿದ ಮಾತಿಗೂ ಬೆಲೆ ಉಳಿಯುವುದಿಲ್ಲ.

ತಣಿದ ಹೊತ್ತಿನಲ್ಲಿ

ಮಾತಿಗೆ ಕೂರುವಾಗ ಎದುರೆದುರು ಕುರ್ಚಿ ಹಾಕಿಕೊಂಡು ವಿಚಾರಣೆಯ ರೂಪ ಕೊಡಬೇಕಾಗಿಲ್ಲ. ಜೊತೆಯಾಗಿ ನಡೆಯುವಾಗ, ಪಾತ್ರೆ ಒರೆಸುವಾಗ, ಪ್ರಯಾಣದಲ್ಲಿ ಪಕ್ಕಪಕ್ಕ ಕೂತಾಗ ಈ ವಯಸ್ಸಿನವರು ಹೆಚ್ಚು ಸಲೀಸಾಗಿ ಬಾಯಿ ಬಿಡುತ್ತಾರೆ. ಮೊದಲು ಅವರಿಂದ ನಡೆದದ್ದನ್ನು ಪೂರ್ತಿ ಕೇಳಿ, ನಡುವೆ ತಿದ್ದಬೇಡಿ. ಅನಂತರ ಒಂದೇ ಒಂದು ವಿಷಯವನ್ನು ಹಿಡಿಯಿರಿ. ತಡವಾಗಿ ಬಂದದ್ದರ ಮಾತಿಗೆ ಅಂಕಪಟ್ಟಿ, ಕೋಣೆಯ ಕಸ, ತಂಗಿಯೊಡನೆಯ ಜಗಳ ಇವನ್ನೆಲ್ಲ ಸೇರಿಸಿದರೆ ಮಾತು ಮತ್ತೆ ಕಾವೇರುತ್ತದೆ. ಆಮೇಲೆ ನಿಯಮವನ್ನು ಅವರ ಬಾಯಿಂದಲೇ ಹೇಳಿಸಿ: "ತಡವಾಗುವುದಿದ್ದರೆ ಏನು ಮಾಡಬೇಕು? ಮಾಡದಿದ್ದರೆ ಏನಾಗಬೇಕು?" ಹದಿಹರೆಯದವರು ತಮಗೇ ವಿಧಿಸಿಕೊಳ್ಳುವ ಷರತ್ತು ಎಷ್ಟೋ ಸಲ ನಾವು ಹಾಕಬಹುದಾದ ಷರತ್ತಿಗಿಂತ ಕಠಿಣವಾಗಿರುತ್ತದೆ, ಆಗ ಅದನ್ನು ಸಡಿಲಿಸುವ ದೊಡ್ಡತನ ನಿಮ್ಮದಾಗಲಿ.

ಜೀವಕ್ಕೆ, ಆರೋಗ್ಯಕ್ಕೆ ಅಪಾಯವಿರುವ ವಿಷಯಗಳಲ್ಲಿ ಚೌಕಾಶಿ ಬೇಡ. ವಾಹನ, ಅಮಲು ಪದಾರ್ಥ, ಹಿಂಸೆ, ಅಪರಿಚಿತರೊಡನೆ ಖಾಸಗಿ ಚಿತ್ರಗಳ ವಿನಿಮಯ ಇವು ಆ ಗುಂಪಿಗೆ ಸೇರುತ್ತವೆ. ತಲೆಗೂದಲು, ಉಡುಪು, ಕೇಳುವ ಸಂಗೀತ, ಕೋಣೆಯ ಗೋಡೆಗೆ ಅಂಟಿಸುವ ಚಿತ್ರ ಇವನ್ನು ಧಾರಾಳವಾಗಿ ಅವರಿಗೇ ಬಿಟ್ಟುಕೊಡಿ. ಎಲ್ಲದಕ್ಕೂ ಬೇಡವೆನ್ನುವ ಮನೆಯಲ್ಲಿ ನಿಜವಾಗಿ ಬೇಡವಾದದ್ದಕ್ಕೆ ಹೇಳಿದ ಬೇಡವೂ ಕೇಳಿಸದಂತಾಗುತ್ತದೆ.

ಗೆಳೆಯರ ಎದುರು

ಮಾರ್ಗೋ ಗಾರ್ಡ್ನರ್ ಮತ್ತು ಲಾರೆನ್ಸ್ ಸ್ಟೈನ್‌ಬರ್ಗ್ 2005ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಹದಿಹರೆಯದವರು, ತರುಣರು ಮತ್ತು ವಯಸ್ಕರು ಕಾರು ಓಡಿಸುವ ಕಂಪ್ಯೂಟರ್ ಆಟವನ್ನು ಆಡಿದರು. ಒಂಟಿಯಾಗಿದ್ದಾಗ ಮೂರೂ ಗುಂಪುಗಳು ಅಪಾಯಕ್ಕೆ ಕೈಹಾಕಿದ ಪ್ರಮಾಣದಲ್ಲಿ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ಗೆಳೆಯರು ಪಕ್ಕದಲ್ಲಿದ್ದಾಗ ಹದಿಹರೆಯದವರು ಬಹಳ ಹೆಚ್ಚು ಅಪಾಯಕ್ಕೆ ಒಡ್ಡಿಕೊಂಡರು, ವಯಸ್ಕರಲ್ಲಿ ಅಂಥ ಬದಲಾವಣೆ ಆಗಲಿಲ್ಲ. ಮುಂದೆ ಮೆದುಳಿನ ಸ್ಕ್ಯಾನ್ ಮಾಡಿ ನೋಡಿದಾಗ, ಗೆಳೆಯರು ನೋಡುತ್ತಿದ್ದಾರೆಂಬ ಅರಿವಿನಿಂದಲೇ ಬಹುಮಾನದ ನಿರೀಕ್ಷೆಯ ಭಾಗಗಳು ಹೆಚ್ಚು ಚುರುಕಾಗುವುದು ಹದಿಹರೆಯದವರಲ್ಲಿ ಕಂಡುಬಂತು.

ಆದ್ದರಿಂದ "ಇದು ಅಪಾಯವೆಂದು ನಿನಗೆ ಗೊತ್ತಿರಲಿಲ್ಲವೇ?" ಎಂಬ ಪ್ರಶ್ನೆಯಿಂದ ಉಪಯೋಗವಿಲ್ಲ. ಗೊತ್ತಿತ್ತು. ಗೊತ್ತಿದ್ದದ್ದು ಆ ಗಳಿಗೆಯಲ್ಲಿ ಗೆಲ್ಲಲಿಲ್ಲ, ಅಷ್ಟೆ. ಉಪದೇಶ ಹೆಚ್ಚಿಸುವ ಬದಲು ಸನ್ನಿವೇಶ ಬದಲಿಸಿ. ಹೊಸದಾಗಿ ವಾಹನ ಕಲಿತವರು ಮೊದಲ ಕೆಲವು ತಿಂಗಳು ಗೆಳೆಯರನ್ನು ಕೂರಿಸಿಕೊಳ್ಳಬಾರದೆಂಬ ಕಟ್ಟುಪಾಡು ಹತ್ತು ಎಚ್ಚರಿಕೆಯ ಮಾತುಗಳಿಗಿಂತ ಹೆಚ್ಚು ಕೆಲಸ ಮಾಡುತ್ತದೆ. ಮುಜುಗರವಿಲ್ಲದೆ ಜಾರಿಕೊಳ್ಳುವ ದಾರಿಯೊಂದನ್ನೂ ಮೊದಲೇ ಗೊತ್ತುಮಾಡಿಕೊಂಡಿರಿ: ಒಂದು ಸಂಕೇತದ ಪದವನ್ನು ಮೆಸೇಜಿನಲ್ಲಿ ಕಳಿಸಿದರೆ ನೀವು ಕೂಡಲೇ ಫೋನ್ ಮಾಡಿ "ಈಗಲೇ ಮನೆಗೆ ಬಾ" ಎಂದು ಗದರಬೇಕು, ಗೆಳೆಯರ ಮುಂದೆ ಕೆಟ್ಟ ಹೆಸರು ನಿಮ್ಮ ಪಾಲಿಗಿರಲಿ, ಮತ್ತು ಆ ರಾತ್ರಿ ಕರೆತಂದ ಮೇಲೆ ಒಂದೂ ಪ್ರಶ್ನೆ ಕೇಳಬಾರದು.

ಗೆಳೆಯರತ್ತ ವಾಲುವುದನ್ನು ಪ್ರೀತಿ ಕಡಿಮೆಯಾದ ಲಕ್ಷಣವೆಂದು ನೊಂದುಕೊಳ್ಳುವ ತಾಯಂದಿರಿಗೆ ಇನ್ನೊಂದು ಮಾಹಿತಿ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2022ರಲ್ಲಿ ಪ್ರಕಟಿಸಿದಂತೆ, ಹನ್ನೆರಡು ವರ್ಷದೊಳಗಿನವರಲ್ಲಿ ಬಹುಮಾನದ ಭಾಗಗಳು ಅಪರಿಚಿತ ದನಿಗಿಂತ ತಾಯಿಯ ದನಿಗೆ ಹೆಚ್ಚು ಸ್ಪಂದಿಸುತ್ತವೆ. ಹದಿಮೂರರ ಸುಮಾರಿಗೆ ಇದು ತಿರುವುಮುರುವಾಗುತ್ತದೆ. ಅವರು ತಾಯಿಯ ದನಿಯನ್ನು ಗುರುತಿಸದೆ ಹೋಗುವುದಿಲ್ಲ. ಹೊರಗಿನ ಜಗತ್ತಿನಲ್ಲಿ ಬದುಕಲು ಬೇಕಾದ ಸಿದ್ಧತೆ ಅವರಲ್ಲಿ ನಡೆಯುತ್ತಿರುತ್ತದೆ. ಇದನ್ನು ಓದಿದ ಮೇಲೆ, ಒಂದು ಕರೆಗೆ ಓಗೊಡದ ಮಗಳ ಬಗ್ಗೆ ತಾಯಿಯ ಮನಸ್ಸು ಸ್ವಲ್ಪವಾದರೂ ಹಗುರವಾಗಲಿ ಎಂಬುದು ನನ್ನ ಆಸೆ.

ನಿದ್ದೆ

ಮನೆಯ ಎಷ್ಟೋ ಜಗಳಗಳ ಮೂಲ ನಿದ್ದೆಗೇಡು. ಹದಿಹರೆಯದಲ್ಲಿ ನಿದ್ದೆ ತರಿಸುವ ಮೆಲಟೋನಿನ್ ರಾತ್ರಿ ತಡವಾಗಿ ಸ್ರವಿಸತೊಡಗುತ್ತದೆ, ದೇಹದ ಗಡಿಯಾರ ಒಂದರಿಂದ ಎರಡು ಗಂಟೆಯಷ್ಟು ಹಿಂದೆ ಬೀಳುತ್ತದೆ. ಹತ್ತಕ್ಕೆ ಮಲಗೆಂದರೆ ನಿದ್ದೆ ಬರದಿರುವುದಕ್ಕೂ ಬೆಳಿಗ್ಗೆ ಎಬ್ಬಿಸಿದರೂ ಏಳದಿರುವುದಕ್ಕೂ ಸೋಮಾರಿತನವೇ ಕಾರಣವಲ್ಲ. ಹದಿಮೂರರಿಂದ ಹದಿನೆಂಟರವರೆಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು. ನಿದ್ದೆಗೆಟ್ಟ ದಿನ ಹಣೆಯ ಹಿಂದಿನ ಭಾಗದ ಹಿಡಿತ ಇನ್ನಷ್ಟು ಸಡಿಲವಾಗುತ್ತದೆ. ರಾತ್ರಿ ಎಲ್ಲರ ಫೋನುಗಳೂ, ನಿಮ್ಮದೂ ಸೇರಿದಂತೆ, ಮಲಗುವ ಕೋಣೆಯ ಹೊರಗೆ ಚಾರ್ಜಿಗೆ ಇರಲಿ. ಬೆಳಿಗ್ಗೆ ಎದ್ದ ಕೂಡಲೇ ಬಿಸಿಲಿಗೆ ಮುಖ ಒಡ್ಡಲಿ. ರಜೆಯ ದಿನ ಒಂದೆರಡು ಗಂಟೆ ಹೆಚ್ಚು ಮಲಗಿದರೆ ಎಬ್ಬಿಸಲು ಹೋಗಬೇಡಿ. ಗಂಭೀರ ಮಾತುಗಳನ್ನು ಬೆಳಿಗ್ಗೆಯ ಗಡಿಬಿಡಿಯಲ್ಲಾಗಲಿ ನಡುರಾತ್ರಿಯಲ್ಲಾಗಲಿ ಎತ್ತಬೇಡಿ.

ಸಹಾಯ ಬೇಕಾದಾಗ

ಸಿಡುಕು, ಮೌನ, ಏಕಾಂತದ ಆಸೆ ಇವೆಲ್ಲ ಈ ವಯಸ್ಸಿನಲ್ಲಿ ಸಹಜ. ಆದರೆ ಎಲ್ಲವನ್ನೂ ವಯಸ್ಸಿನ ತಲೆಗೆ ಕಟ್ಟುವುದು ಅಪಾಯಕಾರಿ, ಏಕೆಂದರೆ ಖಿನ್ನತೆ, ಆತಂಕ ಮೊದಲಾದ ಕಾಯಿಲೆಗಳು ಅನೇಕರಲ್ಲಿ ಮೊದಲು ಕಾಣಿಸಿಕೊಳ್ಳುವುದೂ ಇದೇ ವರ್ಷಗಳಲ್ಲಿ. ಮೆಚ್ಚಿನ ಆಟ, ಹವ್ಯಾಸ, ಗೆಳೆಯರು ಎಲ್ಲದರಲ್ಲೂ ಆಸಕ್ತಿ ಹೋಗಿ ಎರಡು ವಾರ ದಾಟಿದರೆ, ಊಟ ಮತ್ತು ನಿದ್ದೆ ಎದ್ದು ಕಾಣುವಷ್ಟು ಏರುಪೇರಾದರೆ, ಓದು ಹಠಾತ್ತನೆ ಕುಸಿದರೆ ವೈದ್ಯರನ್ನು ಕಾಣಿ. ಮೈಮೇಲೆ ಗಾಯ ಮಾಡಿಕೊಂಡ ಗುರುತು ಕಂಡರೆ ಅಥವಾ ಸಾಯುವ ಮಾತು ಬಂದರೆ ಒಂದು ದಿನವೂ ಕಾಯಬೇಡಿ, ಮಗುವನ್ನು ಒಂಟಿಯಾಗಿ ಬಿಡಬೇಡಿ. ಸಾಯಬೇಕೆನಿಸುತ್ತಿದೆಯೇ ಎಂದು ನೇರವಾಗಿ ಕೇಳಲು ಹಿಂಜರಿಯಬೇಡಿ. ಕೇಳಿದ್ದರಿಂದ ಅಂಥ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ, ಹೇಳಿಕೊಳ್ಳಲು ಅವಕಾಶ ಸಿಗುತ್ತದೆ.

ವೈದ್ಯರಲ್ಲಿಗೆ ಹೋಗುವ ಮೊದಲು ಕಳೆದ ಕೆಲವು ವಾರಗಳ ನಿದ್ದೆ, ಊಟ, ಶಾಲೆಯ ಹಾಜರಿ, ಮನಸ್ಥಿತಿಯ ಬದಲಾವಣೆಗಳನ್ನು ದಿನಾಂಕದೊಂದಿಗೆ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಎಲ್ಲಿಗೆ, ಏಕೆ ಹೋಗುತ್ತಿದ್ದೇವೆ ಎಂಬುದನ್ನು ಮಗುವಿಗೆ ಮುಚ್ಚಿಡಬೇಡಿ. ಕೋಣೆಯೊಳಗೆ ಹೋದ ಮೇಲೆ ನಿಮಗೆ ಗೊತ್ತಿರುವುದನ್ನು ಹೇಳಿ, ಹೊರಗೆ ಬಂದು ಕೂತುಕೊಳ್ಳಿ, ಉಳಿದದ್ದನ್ನು ಮಗು ವೈದ್ಯರೊಬ್ಬರ ಬಳಿಯೇ ಹೇಳಲಿ.