ಹಂಚಿಳಿಸಿ ವೆಲ್ಡಿಂಗ್ ಹಿಡಿದೆ

ತೀರ್ಥಹಳ್ಳಿ ಕಡೆಯವನು ನಾನು. ಮಾಡು, ಅಂದರೆ ಮನೆಯ ಚಾವಣಿಗೆ, ಹಂಚು ಹೊದಿಸೋದು ಅಪ್ಪನಿಂದ ಬಂದ ಕೆಲಸ. ಮೇ ತಿಂಗಳಲ್ಲಿ ನಮಗೆ ಪುರುಸೊತ್ತೇ ಇರುತ್ತಿರಲಿಲ್ಲ. ಮಳೆಗೆ ಮೊದಲು ಒಡೆದ ಹಂಚು ತೆಗೆಯಬೇಕು, ಹಂಚು ಕೂರುವ ಮರದ ಪಟ್ಟಿ, ಅಂದರೆ ರೀಪು, ಗೆದ್ದಲು ತಿಂದಿದ್ದರೆ ಬದಲಿಸಬೇಕು. 100 ಚದರಡಿಗೆ ಹೆಚ್ಚುಕಡಿಮೆ 140 ಹಂಚು, ಎಲ್ಲವೂ ಕೈಯಿಂದ ಕೈಗೆ ಏಣಿ ಹತ್ತಬೇಕು.

ಆಮೇಲೆ ಮಂಗಗಳು ಬಂದವು. ನಗಬೇಡಿ. ನಮ್ಮೂರಲ್ಲಿ ಹಂಚಿನ ಕೆಲಸ ಕಳೆದದ್ದು ಟೆರೇಸ್ ಮನೆಗಿಂತ ಜಾಸ್ತಿ ಮಂಗಗಳೇ. ಬೆಳಿಗ್ಗೆ ಜೋಡಿಸಿದ್ದು ಸಂಜೆಗೆ ಚೂರಾದರೆ ಯಾರು ತಾನೇ ಹಂಚು ಇಟ್ಟುಕೊಳ್ಳುತ್ತಾರೆ? ಒಬ್ಬೊಬ್ಬರೇ ಕಬ್ಬಿಣದ ಪೈಪ್ ಬೆಸೆದು ಅದರ ಮೇಲೆ ತಗಡಿನ ಶೀಟ್ ಹಾಕಿಸಿದರು. ಹಂಚಿಳಿಸುವ ಕೂಲಿ ನಮಗೆ, ಶೀಟಿನ ಕೆಲಸ ಪೇಟೆಯ ವೆಲ್ಡಿಂಗ್ ಶಾಪಿನವರಿಗೆ.

ಎರಡು ವರ್ಷ ನೋಡಿ, 36ನೇ ವಯಸ್ಸಿನಲ್ಲಿ ಒಂದು ಶಾಪಿಗೆ ಹೆಲ್ಪರ್ ಆಗಿ ಸೇರಿದೆ. ಐಟಿಐ ವೆಲ್ಡರ್ ಕೋರ್ಸ್ ಒಂದು ವರ್ಷದ್ದು. ಸಂಸಾರ ಇಟ್ಟುಕೊಂಡು ಅದು ಆಗದ ಮಾತು. ಕಲಿತದ್ದೆಲ್ಲ ಕೈ ಸುಟ್ಟುಕೊಂಡೇ. ನಾನು ಹಾಕಿದ ಮೊದಲ ಮಾಡು ಮೊದಲ ಮಳೆಗೇ ಸೋರಿತು. ಸ್ಕ್ರೂ ಗಟ್ಟಿ ಕೂರಲಿ ಅಂತ ರಬ್ಬರ್ ವಾಷರ್ ಜಜ್ಜಿಹೋಗುವಷ್ಟು ಬಿಗಿದಿದ್ದೆ. ಅಷ್ಟೂ ಸ್ಕ್ರೂ ಮತ್ತೆ ಬಿಚ್ಚಿದೆ, ಸುಮ್ನೆ, ಕೂಲಿ ಇಲ್ಲದೆ.

ಈಗ ಫೋನಿಗೆ ಬಿಡುವಿಲ್ಲ. ಸೋರುವ ಟೆರೇಸ್ ಮೇಲೆ ಶೀಟ್, ಅಡಿಕೆ ಒಣಗಿಸುವ ಶೆಡ್ಡು. 2024ರಲ್ಲಿ ಮನೆ ಮೇಲೆ ಸೋಲಾರ್ ಹಾಕಿಸಲು ಕೇಂದ್ರದ ಪಿಎಂ ಸೂರ್ಯಘರ್ ಯೋಜನೆ ಬಂದಮೇಲೆ ಸೋಲಾರ್ ಸ್ಟ್ಯಾಂಡ್ ಕೆಲಸವೂ ಸೇರಿತು. 3 ಕಿಲೋವ್ಯಾಟಿಗೆ 78,000 ರೂಪಾಯಿ ಸಬ್ಸಿಡಿ ಅಂದರೆ ಜನ ಮುಂದೆ ಬರುತ್ತಾರೆ. ಆದರೆ ಆ ಕೆಲಸ ಮಧ್ಯವರ್ತಿ ಕೈಯಿಂದ ಬರುತ್ತದೆ. ಒಬ್ಬ ನನಗೆ ಎರಡು ಮನೆಯ ದುಡ್ಡು ಇನ್ನೂ ಕೊಟ್ಟಿಲ್ಲ. ಅಡ್ವಾನ್ಸ್ ಇಲ್ಲದೆ ಪೈಪ್ ಕತ್ತರಿಸಬೇಡಿ.

ಜೂನ್‌ನಿಂದ ನಾಲ್ಕು ತಿಂಗಳು ಮಾಡು ಹತ್ತುವ ಹಾಗಿಲ್ಲ. ವೆಲ್ಡಿಂಗ್ ಗೊತ್ತಿರುವುದರಿಂದ ಶಾಪಿನೊಳಗೆ ಕೂತು ಗೇಟು, ಗ್ರಿಲ್ ಮಾಡುತ್ತೇನೆ. ಬರೀ ಶೀಟ್ ಎತ್ತಿಕೊಡುವ ಹುಡುಗರಿಗೆ ಆ ತಿಂಗಳುಗಳು ಖಾಲಿ.

ವಿಚಿತ್ರ ಏನು ಗೊತ್ತಾ? 1865ರಲ್ಲಿ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಶುರುಮಾಡಿದ ಆ ಹಂಚೇ ಈಗ ಹೋಂಸ್ಟೇಯವರಿಗೆ ಬೇಕು. ಕೂಲಿ ಶೀಟಿಗಿಂತ ಜಾಸ್ತಿ ಕೇಳುತ್ತೇನೆ, ಕೊಡುತ್ತಾರೆ. ಹಂಚು ಒಡೆಯದಂತೆ ಮಾಡಿನ ಮೇಲೆ ಓಡಾಡುವವರು ಮಾತ್ರ ಸಿಗುತ್ತಿಲ್ಲ. ಸಿಕ್ಕಿದ ಒಬ್ಬರು ಅಪ್ಪನ ಜೊತೆ ದುಡಿದವರು, 63 ವರ್ಷ. ಸರ್ಕಾರದ ಕಟ್ಟಡ ಕಾರ್ಮಿಕರ ಕಾರ್ಡಿಗೆ 60 ದಾಟಿದವರನ್ನು ಹೊಸದಾಗಿ ಸೇರಿಸಿಕೊಳ್ಳುವುದಿಲ್ಲ. ನಾನು ಕೆಲಸಕ್ಕೆ ಸೇರಿಸಿಕೊಂಡೆ. ಏಣಿ ನನಗಿಂತ ಬೇಗ ಹತ್ತುತ್ತಾರೆ.