ಒಡೆದ ಬ್ರಾಕೆಟ್‌ಗೆ ಮರದ ಪ್ಯಾಟರ್ನ್: ಹಳೆಯ ಲೇತ್ ಉಳಿಸಿಕೊಳ್ಳುವ ಬಗೆ

ಹರಿಹರದ ಮೈಸೂರು ಕಿರ್ಲೋಸ್ಕರ್ ಮತ್ತು ಬೆಂಗಳೂರಿನ ಎಚ್‌ಎಂಟಿಯ ಹಳೆಯ ಲೇತ್‌ಗಳು ಇಂದಿಗೂ ಎಷ್ಟೋ ವರ್ಕ್‌ಶಾಪುಗಳಲ್ಲಿ ದುಡಿಯುತ್ತಿವೆ. ಬೆಡ್ (ಉದ್ದನೆಯ ತಳಭಾಗ), ಹೆಡ್‌ಸ್ಟಾಕ್ (ಎಡತುದಿಯ ಗೇರ್ ಪೆಟ್ಟಿಗೆ) ಗಟ್ಟಿಯಾಗಿಯೇ ಇರುತ್ತವೆ. ಕೈಕೊಡುವುದು ಹ್ಯಾಂಡ್‌ವೀಲ್, ಗೇರ್ ಕವರ್, ಲೀಡ್ ಸ್ಕ್ರೂನ (ಉಳಿಯನ್ನು ಮುಂದೂಡುವ ಉದ್ದನೆಯ ತಿರುಪಿನ) ಬಲತುದಿ ಹಿಡಿದಿರುವ ಬ್ರಾಕೆಟ್‌ನಂಥ ಸಣ್ಣ ಎರಕದ ಭಾಗಗಳು. ಇಷ್ಟಕ್ಕೇ ಮಷಿನನ್ನು ಗುಜರಿಗೆ ಹಾಕಬೇಡಿ. ಮರದ ಪ್ಯಾಟರ್ನ್ (ಅಚ್ಚು ಮೂಡಿಸಲು ಮರಳಲ್ಲಿ ಒತ್ತಿ ತೆಗೆಯುವ ಮಾದರಿ) ಮಾಡಿಕೊಂಡು ಸಣ್ಣ ಫೌಂಡ್ರಿಯಲ್ಲಿ ಎರಕ ಹೊಯ್ಯಿಸಿಕೊಳ್ಳಬಹುದು.

ಒಡೆದ ಪೀಸನ್ನೇ ವೆಲ್ಡ್ ಮಾಡಿ ‘ಇದನ್ನೇ ಮರಳಲ್ಲಿ ಒತ್ತಿ’ ಎಂದು ಫೌಂಡ್ರಿಗೆ ಕೊಡುವುದು ನಾವು ಪದೇ ಪದೇ ನೋಡುವ ತಪ್ಪು. ಬೀಡುಕಬ್ಬಿಣ ಆರುವಾಗ ಸುಮಾರು ಶೇ 1ರಷ್ಟು ಕುಗ್ಗುತ್ತದೆ. 180 ಮಿ.ಮೀ. ಎತ್ತರದ ಬ್ರಾಕೆಟ್ 178ಕ್ಕೆ ಇಳಿದು ಬರುತ್ತದೆ. ಮಷಿನಿಂಗ್ ಮಾಡಿದ ಮುಖಗಳ ಮೇಲೆ ಮತ್ತೆ ಕೆರೆಯಲು ಲೋಹವೇ ಉಳಿದಿರುವುದಿಲ್ಲ. ಪ್ಯಾಟರ್ನ್ ಎಂದರೆ ಭಾಗದ ನಕಲಲ್ಲ, ಮರಳಿನಲ್ಲಿ ಆಗಬೇಕಾದ ಗುಳಿಯ ಆಕಾರ.

ಅಳತೆ

ಲೀಡ್ ಸ್ಕ್ರೂ ಬ್ರಾಕೆಟನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಬೆಡ್‌ಗೆ ಬೋಲ್ಟ್ ಆಗುವ ಚಪ್ಪಟೆ ಬುಡ, ಅದರ ಮೇಲೆ ಎರಡು ಬಾಸ್ (ತೂತಿನ ಸುತ್ತಲಿನ ದುಂಡನೆಯ ದಪ್ಪ ಭಾಗ): ಒಂದರಲ್ಲಿ ಲೀಡ್ ಸ್ಕ್ರೂಗೆ 32 ಮಿ.ಮೀ. ತೂತು, ಇನ್ನೊಂದರಲ್ಲಿ ಫೀಡ್ ರಾಡ್‌ಗೆ 20 ಮಿ.ಮೀ. ತೂತು. ಸವೆದ ತೂತಿನ ಅಳತೆ ನಂಬಬೇಡಿ, ಶಾಫ್ಟ್ ಅಳೆಯಿರಿ. ಬುಡದಿಂದ ತೂತಿನ ಮಧ್ಯಕ್ಕೆ ಎಷ್ಟು ದೂರ ಎಂಬುದನ್ನು ಒಡೆದ ಪೀಸಿನಿಂದಲ್ಲ, ಮಷಿನ್ನಿನ ಮೇಲೆಯೇ ತೆಗೆದುಕೊಳ್ಳಿ.

ಲೆಕ್ಕದ ಕ್ರಮ ಮುಖ್ಯ. ಮೊದಲು ಮಷಿನಿಂಗ್ ಆಗುವ ಪ್ರತಿ ಮುಖಕ್ಕೂ 3 ಮಿ.ಮೀ. ಸೇರಿಸಿ, ಆಮೇಲೆ 1.01ರಿಂದ ಗುಣಿಸಿ. ಬಾಸ್‌ನ ಉದ್ದ 60 ಇದ್ದರೆ ಎರಡೂ ಬದಿ ಸೇರಿ 66, ಗುಣಿಸಿದರೆ 66.7. ತೂತಿಗೆ ಇದರ ಉಲ್ಟಾ: 32ರಲ್ಲಿ 6 ಕಳೆದು 26, ಗುಣಿಸಿದರೆ 26.3. ಅಲ್ಯೂಮಿನಿಯಂ ಆದರೆ ಶೇ 1.3, ಉಕ್ಕಾದರೆ ಶೇ 2ರ ಹತ್ತಿರ ಹಿಡಿಯಬೇಕು. 20 ಮಿ.ಮೀ. ತೂತಿಗೆ ಕೋರ್ (ತೂತಿನ ಜಾಗಕ್ಕೆ ಲೋಹ ಬಾರದಂತೆ ಅಚ್ಚಿನಲ್ಲಿಡುವ ಮರಳಿನ ಉರುಳೆ) ಬೇಡ, ತುಂಬಿಯೇ ಎರಕವಾಗಲಿ, ಆಮೇಲೆ ಡ್ರಿಲ್ ಮಾಡಿ. ಬೋಲ್ಟ್ ತೂತುಗಳಿಗೂ ಅದೇ ಮಾತು.

ಎಲ್ಲಿ ಸೀಳಬೇಕು

ಎರಡೂ ಬಾಸ್‌ಗಳ ನಡುಗೆರೆ ಒಂದೇ ಸಮತಲದಲ್ಲಿದೆ. ಪ್ಯಾಟರ್ನ್ ಎರಡು ಹೋಳಾಗಬೇಕಾದದ್ದು ಅಲ್ಲೇ. ಬುಡದ ಮುಖ ಅಚ್ಚಿನ ಕೆಳಪೆಟ್ಟಿಗೆಯಲ್ಲಿ ಕೆಳಮುಖವಾಗಿ ಬರಲಿ. ಕಿಟ್ಟ, ಗಾಳಿಗುಳ್ಳೆಗಳು ಮೇಲಕ್ಕೆ ತೇಲುವುದರಿಂದ ತಳದ ಲೋಹವೇ ಶುದ್ಧ.

ಚೆನ್ನಾಗಿ ಒಣಗಿದ ತೇಗ ಬಳಸಿ. ಒಂದೆರಡು ಎರಕಕ್ಕಾದರೆ ಎಂಡಿಎಫ್ (ಮರದ ನಾರನ್ನು ಒತ್ತಿ ಮಾಡಿದ ಹಲಗೆ) ಕೂಡ ನಡೆಯುತ್ತದೆ. ಹಸಿಮರ ಮಾತ್ರ ಬೇಡ, ಒಣಗುತ್ತಾ ಕುಗ್ಗಿ ಸೊಟ್ಟಗಾಗುತ್ತದೆ.

ಬಾಸ್ ಮಾಡಲು ಎರಡು ತುಂಡುಗಳ ಮುಖವನ್ನು ಸಮವಾಗಿ ಹೆರೆದು, ಎರಡು ಡೋವೆಲ್ ಪಿನ್ ಕೂರಿಸಿ. ಪಿನ್‌ಗಳು ತುದಿಗಳಿಂದ ಒಂದೇ ದೂರದಲ್ಲಿ ಇರಬಾರದು. ಆಗ ಹೋಳುಗಳನ್ನು ತಿರುಗಾಮುರುಗಾ ಜೋಡಿಸಲು ಬರುವುದೇ ಇಲ್ಲ. ಈಗ ನಡುವೆ ಒಂದು ಹಾಳೆ ನ್ಯೂಸ್‌ಪೇಪರ್ ಇಟ್ಟು ಎರಡೂ ಕಡೆ ಗೋಂದು ಹಚ್ಚಿ ಅಂಟಿಸಿ. ಮರುದಿನ ಲೇತ್‌ನಲ್ಲಿ ದುಂಡಗೆ ಕಡೆದು, ಜೋಡಿನ ಗೆರೆಗೆ ಅಗಲ ಉಳಿ ಇಟ್ಟು ಮೆಲ್ಲಗೆ ತಟ್ಟಿದರೆ ಕಾಗದ ಸೀಳಿ ಎರಡು ಹೋಳು ನೀಟಾಗಿ ಬಿಟ್ಟುಕೊಳ್ಳುತ್ತವೆ. ಉಳಿದ ಕಾಗದವನ್ನು ಒದ್ದೆಬಟ್ಟೆಯಿಂದ ಒರೆಸಿ ತೆಗೆಯಿರಿ.

ದೊಡ್ಡ ಬಾಸ್‌ನ ಎರಡು ತುದಿಗೂ ಕೋರ್ ಪ್ರಿಂಟ್ (ಹೊರಚಾಚಿದ ಮರದ ದುಂಡು ತುಂಡು) ಬೇಕು. ವ್ಯಾಸ 26.3, ಉದ್ದವೂ ಹೆಚ್ಚುಕಡಿಮೆ ಅಷ್ಟೇ. ಮರಳಿನ ಕೋರ್ ಕೂರುವುದು ಈ ಪ್ರಿಂಟ್ ಮಾಡಿದ ಗುಳಿಯಲ್ಲಿ. ಪ್ರಿಂಟ್ ಗಿಡ್ಡವಾದರೆ ಲೋಹ ನುಗ್ಗುವಾಗ ಕೋರ್ ಅಲುಗಿ ತೂತು ಓರೆಯಾಗುತ್ತದೆ. ಅದೇ ವ್ಯಾಸದ ಕೋರ್ ಬಾಕ್ಸನ್ನೂ (ಕೋರ್ ಮಾಡುವ ಅಚ್ಚು) ನೀವೇ ಮಾಡಿಕೊಡಬೇಕು. ಅದರ ಒಳ ಉದ್ದ ಬಾಸ್ ಮತ್ತು ಎರಡೂ ಪ್ರಿಂಟ್ ಸೇರಿದಷ್ಟು.

ಇಳಿಜಾರು ಮತ್ತು ಮೂಲೆ

ಮೋಲ್ಡರ್ (ಮರಳಿನ ಅಚ್ಚು ಮಾಡುವವ) ಪ್ಯಾಟರ್ನ್ ಎತ್ತುವುದನ್ನು ಒಮ್ಮೆ ಹತ್ತಿರ ನಿಂತು ನೋಡಿ. ಅಂಚಿನ ಮರಳಿಗೆ ತುಸು ನೀರು ತಾಗಿಸಿ, ಪ್ಯಾಟರ್ನ್‌ಗೆ ಕಬ್ಬಿಣದ ಸ್ಕ್ರೂ ತಿರುಗಿಸಿ, ಅದಕ್ಕೆ ನಾಲ್ಕೂ ಕಡೆಯಿಂದ ತಟ್ಟಿ ಸಡಿಲಿಸಿ, ಉಸಿರು ಬಿಗಿಹಿಡಿದು ನೇರವಾಗಿ ಎತ್ತುತ್ತಾನೆ. ಪ್ಯಾಟರ್ನ್ ಸೀಳುಗೆರೆಯ ಕಡೆಗೆ ತುಸುವೇ ಕಿರಿದಾಗಿದ್ದರೂ ಮರಳು ಕಿತ್ತುಕೊಂಡು ಬರುತ್ತದೆ. ಆದ್ದರಿಂದ ಸೀಳುಗೆರೆಯಿಂದ ದೂರ ಹೋದಂತೆ ಪ್ರತಿ ಗೋಡೆಯೂ ಕಿರಿದಾಗುತ್ತಾ ಹೋಗಬೇಕು. ಹೊರಗೋಡೆಗೆ 100 ಮಿ.ಮೀ. ಎತ್ತರಕ್ಕೆ 2 ಮಿ.ಮೀ. ಸಾಕು, ಒಳಗುಳಿಗಳಿಗೆ ಅದರ ಎರಡರಷ್ಟು ಕೊಡಿ. ಹೋಳನ್ನು ಸಮತಟ್ಟಾದ ಗಾಜಿನ ಮೇಲಿಟ್ಟು ಸುತ್ತಲೂ ಮೂಲೆಮಟ್ಟ (ಟ್ರೈ ಸ್ಕ್ವೇರ್) ಹಿಡಿದು ಪರೀಕ್ಷಿಸಿ. ಮೂಲೆಮಟ್ಟ ತಳದಲ್ಲಿ ತಾಗಿ ಮೇಲೆ ಬೆಳಕು ಕಂಡರೆ ಸರಿ. ಮೇಲೆ ತಾಗಿದರೆ ಉಜ್ಜಿ ತೆಗೆಯಿರಿ. ಆ ಕಡೆ ಎಷ್ಟು ಪಾಲಿಶ್ ಮಾಡಿದರೂ ಉಪಯೋಗವಿಲ್ಲ.

ಬಾಸ್ ಬುಡಕ್ಕೆ ಸೇರುವಲ್ಲಿ ಒಳಮೂಲೆ ಚೂಪಾಗಿದ್ದರೆ ಎರಕ ಅಲ್ಲೇ ಬಿರುಕು ಬಿಡುತ್ತದೆ. ಎಷ್ಟೋ ವೇಳೆ ಹಳೆಯ ಬ್ರಾಕೆಟ್ ಒಡೆದಿರುವುದೂ ಅಲ್ಲೇ. ಪುಟ್ಟಿ ತುಂಬಿ, ಗ್ರೀಸ್ ಸವರಿದ ದುಂಡು ಗೋಲಿಯಿಂದ ಎಳೆದು 5 ಮಿ.ಮೀ. ತ್ರಿಜ್ಯದ ಮೂಲೆ ಮಾಡಿ. ಯಾವ ಭಾಗವೂ 6 ಮಿ.ಮೀ.ಗಿಂತ ತೆಳ್ಳಗಿರದಿರಲಿ. ತೆಳುವಾದ ಬೀಡು ಬೇಗ ಆರಿ ಬಿಳಿಯಾಗಿ ಗಾಜಿನಂತೆ ಗಡುಸಾಗುತ್ತದೆ, ಡ್ರಿಲ್ ಬಿಟ್ ಕಚ್ಚುವುದೇ ಇಲ್ಲ.

ಕೊನೆಗೆ ಶೆಲ್ಯಾಕ್ (ಅರಗಿನ ವಾರ್ನಿಷ್) ಮೂರು ಕೋಟ್, ನಡುನಡುವೆ ನಯವಾದ ಸ್ಯಾಂಡ್ ಪೇಪರ್. ನಾರು ಕೊನೆಯಾಗುವ ಮುಖಗಳು ನೀರು ಹೀರುವುದರಿಂದ ಅಲ್ಲಿ ಒಂದು ಕೋಟ್ ಹೆಚ್ಚಿಗೆ ಕೊಡಿ. ಕೋರ್ ಪ್ರಿಂಟ್‌ಗಳಿಗೆ ಬೇರೆ ಬಣ್ಣ ಹಚ್ಚಿ. ಇಲ್ಲದಿದ್ದರೆ ಅವನ್ನೂ ಭಾಗದ ತುದಿಯೆಂದೇ ತಿಳಿದು ಕೋರ್ ಇಡದೆ ಎರಕ ಹೊಯ್ದುಬಿಡುವ ಸಾಧ್ಯತೆ ಇದೆ.

ಫೌಂಡ್ರಿಗೆ ಕೊಡುವಾಗ

ಬ್ರಾಕೆಟ್‌ಗೆ ಎಫ್‌ಜಿ 200 ದರ್ಜೆಯ ಬೀಡು ಸಾಕು. ಬೆಲೆ ಕಿಲೋ ಲೆಕ್ಕದಲ್ಲಾದರೆ, ಪ್ರಿಂಟ್ ಬಿಟ್ಟು ತೇಗದ ಪ್ಯಾಟರ್ನ್ ತೂಕವನ್ನು 11ರಿಂದ ಗುಣಿಸಿದರೆ ಎರಕದ ತೂಕ ಅಂದಾಜಿಗೆ ಸಿಗುತ್ತದೆ. ದಪ್ಪ ಬಾಸ್‌ನ ಮೇಲೆ ಫೀಡರ್ (ಎರಕ ಆರಿ ಕುಗ್ಗುವಾಗ ಲೋಹ ಒದಗಿಸುವ ಗುಳಿ) ಇಡುವಂತೆ ಹೇಳಿ. ತುಂಬಿ ಎರಕವಾದ 20 ಮಿ.ಮೀ. ತೂತಿನ ಜಾಗದಲ್ಲಿ ಒಳಗೆ ಟೊಳ್ಳು ಬರುವುದು ಲೋಹ ಸಾಲದೇ ಇದ್ದಾಗ.

ಎರಕ ಕೈಗೆ ಬಂದ ಕೂಡಲೇ ಮಷಿನ್‌ಗೆ ಏರಿಸಬೇಡಿ. ಸುಣ್ಣ ಬಳಿದು, ಸರ್ಫೇಸ್ ಪ್ಲೇಟ್ (ನಿಖರವಾಗಿ ಸಮತಟ್ಟಾದ ಹಲಗೆ) ಮೇಲಿಟ್ಟು ಎಲ್ಲ ಗೆರೆಗಳನ್ನೂ ಗುರುತು ಹಾಕಿ. ಒಂದು ಮುಖದಲ್ಲಿ 1 ಮಿ.ಮೀ., ಎದುರಿನದರಲ್ಲಿ 5 ಉಳಿದಿದ್ದರೆ ನಡುಗೆರೆಯನ್ನು 2 ಮಿ.ಮೀ. ಸರಿಸಿಕೊಂಡರೆ ಪೀಸ್ ಉಳಿಯುತ್ತದೆ. ಮೊದಲು ಬುಡ ಸಮಮಾಡಿ, ಆ ಮುಖದಿಂದಲೇ ಅಳೆದು ಎರಡೂ ತೂತುಗಳನ್ನು ಬೋರ್ ಮಾಡಿ.