ಇಂಟರ್ನೆಟ್ ಫೋನ್ ಲೈನಿನಲ್ಲಿ ಡಯಲ್-ಅಪ್ ಬಿಬಿಎಸ್: ನನ್ನ ಅನುಭವ

ಬಿಬಿಎಸ್ ಅಂದರೆ ಮೋಡೆಮಿನಿಂದ ಡಯಲ್ ಮಾಡಿ ಸೇರಿ, ಮೆಸೇಜ್ ಓದಿ ಬರೆಯುವ, ಫೈಲ್ ಇಳಿಸಿಕೊಳ್ಳುವ ಹಳೇ ಕಾಲದ ಬೋರ್ಡು. ವಾಯ್ಪ್ (ಇಂಟರ್ನೆಟ್ ಫೋನ್) ಮೇಲೆ ಮೋಡೆಮ್ ನಡೆಯಲ್ಲ, ಟೆಲ್ನೆಟ್ (ಇಂಟರ್ನೆಟ್ ಮೂಲಕವೇ ಬೋರ್ಡಿಗೆ ಸೇರುವ ದಾರಿ) ಸಾಕು ಅಂತ ಹೇಳದವರೇ ಇಲ್ಲ. ನಡೆಯುತ್ತೆ. ನನ್ನ ಬೋರ್ಡಿಗೆ ಈಗ ಹಳೇ ಮೋಡೆಮಿನಿಂದ ಡಯಲ್ ಮಾಡಿದರೆ ಲೈನ್ ಮುಕ್ಕಾಲು ಗಂಟೆ ಆರಾಮಾಗಿ ನಿಲ್ಲುತ್ತೆ. ವೇಗದ ಆಸೆ ಮಾತ್ರ ಬಿಡಬೇಕು.

ಎಲ್ಲರೂ 33,600 ಬಿಪಿಎಸ್ (ಸೆಕೆಂಡಿಗೆ ಇಷ್ಟು ಬಿಟ್) ವೇಗದಲ್ಲಿ ಶುರು ಮಾಡಿ ಕೈಬಿಡುತ್ತಾರೆ. ವೇಗದ ಮೋಡೆಮ್ ಪದ್ಧತಿಗಳಾದ ವಿ.32, ವಿ.34 ಎರಡರಲ್ಲೂ ಹೋಗುವ ಬರುವ ಸಿಗ್ನಲ್ ಒಂದೇ ಬ್ಯಾಂಡಿನಲ್ಲಿ ಇರುತ್ತೆ. ಮೋಡೆಮ್ ತನ್ನದೇ ಪ್ರತಿಧ್ವನಿಯನ್ನು ಲೆಕ್ಕ ಹಾಕಿ ಕಳೆಯುತ್ತಿರುತ್ತೆ. ನಡುವೆ 20 ಮಿಲಿಸೆಕೆಂಡಿನ ಒಂದು ಪ್ಯಾಕೆಟ್ (ಇಂಟರ್ನೆಟ್ಟಿನಲ್ಲಿ ಸಾಗುವ ಸದ್ದಿನ ತುಂಡು) ಕಳೆದುಹೋದರೆ ಆ ಲೆಕ್ಕ ಕೆಟ್ಟು ರೀಟ್ರೇನ್ (ಮತ್ತೆ ಹೊಂದಿಸಿಕೊಳ್ಳೋದು), ಅದೂ ಹಿಡಿಯದಿದ್ದರೆ ನೋ ಕ್ಯಾರಿಯರ್, ಅಂದರೆ ಲೈನ್ ಹೋಯಿತು. ನಿಧಾನದ ವಿ.22ಬಿಸ್‌ನಲ್ಲಿ ಒಂದು ದಿಕ್ಕು 1200 ಹರ್ಟ್ಸ್, ಇನ್ನೊಂದು 2400 ಹರ್ಟ್ಸ್. ಪ್ರತಿಧ್ವನಿಯ ಗೊಡವೆಯೇ ಇಲ್ಲ. 2400 ಬಿಪಿಎಸ್‌ಗೆ ಕಟ್ಟಿಹಾಕಿ, ವಿ.42 (ಮೋಡೆಮಿನ ತಪ್ಪು ತಿದ್ದುವ ಸೌಲಭ್ಯ) ಆನ್ ಇಡಿ. ಕಳೆದುಹೋದ ತುಂಡನ್ನು ಅದೇ ಮತ್ತೆ ತರಿಸಿಕೊಳ್ಳುತ್ತೆ.

ಎಟಿಎಯಲ್ಲಿ (ಮಾಮೂಲಿ ಫೋನ್ ತಂತಿಯನ್ನು ಇಂಟರ್ನೆಟ್ಟಿಗೆ ಸೇರಿಸುವ ಪೆಟ್ಟಿಗೆ) ಜಿ.711 ಒಂದೇ ಉಳಿಸಿ, ಮಿಕ್ಕ ಕೋಡೆಕ್ (ಸದ್ದನ್ನು ಡಿಜಿಟಲ್ ಮಾಡುವ ರೀತಿ) ತೆಗೆಯಿರಿ. ಸೈಲೆನ್ಸ್ ಸಪ್ರೆಶನ್ (ಮೌನವನ್ನು ಕಳಿಸದಿರೋದು), ಎಕೋ ಕ್ಯಾನ್ಸಲರ್, ಟಿ.38 (ಫ್ಯಾಕ್ಸ್ ಸೌಲಭ್ಯ), ಕಾಲ್ ವೇಟಿಂಗ್ ಎಲ್ಲಾ ಆಫ್. ಜಿಟರ್ ಬಫರ್ (ತಡವಾಗಿ ಬರುವ ಪ್ಯಾಕೆಟ್ಟಿಗೆ ಕಾಯುವ ಹೊತ್ತು) ಫಿಕ್ಸೆಡ್, ಹೆಚ್ಚುಕಮ್ಮಿ 100 ಮಿಲಿಸೆಕೆಂಡ್. ಅಡಾಪ್ಟಿವ್ ಇಟ್ಟರೆ ಅದು ಹಿಗ್ಗಿ ಕುಗ್ಗುವಾಗಲೆಲ್ಲ ಲೈನ್ ಬೀಳುತ್ತೆ. ಮೋಡೆಮಿನ ಎಸ್10 (ಸಿಗ್ನಲ್ ಹೋದ ಮೇಲೆ ಲೈನ್ ಬಿಡುವ ಮುನ್ನ ಕಾಯುವ ಹೊತ್ತು) ಸಾಮಾನ್ಯವಾಗಿ 14, ಅಂದರೆ 1.4 ಸೆಕೆಂಡ್; ನಾನು 50 ಮಾಡಿದ್ದೇನೆ. ಗೇನ್ (ಸದ್ದಿನ ಮಟ್ಟ) ಎಷ್ಟು ಇಳಿಸಿದೆ ಅನ್ನೋದು ನನ್ನ ಹತ್ತಿರವೇ ಇರಲಿ, ಆದರೆ ಇಳಿಸಲೇಬೇಕು.

ದುಡ್ಡು ಹೋದದ್ದು ಮೋಡೆಮಿಗಲ್ಲ. ಅದು ಗುಜರಿ ರೇಟಿಗೆ ಬರುತ್ತೆ, ಅಡಾಪ್ಟರ್ ಇಲ್ಲದೆ ಬರುತ್ತೆ. ಕೆಲವಕ್ಕೆ 9 ವೋಲ್ಟ್ ಎಸಿ ಬೇಕು, ಡಿಸಿ ಅಲ್ಲ. ಅದನ್ನು ಹುಡುಕಿ ತರಿಸಿದರೆ ಮೋಡೆಮಿನ ಎರಡರಷ್ಟಾದರೂ ಆಗುತ್ತೆ. ದುಬಾರಿ ಎಟಿಎ ಪೂರಾ ದಂಡ, ಅಗ್ಗದ್ದರಲ್ಲೂ ಇವೇ ಸೆಟ್ಟಿಂಗ್ ಸಿಗುತ್ತವೆ. ನಿಜವಾಗಿ ಜೇಬು ಕೊರೆಯೋದು ನಂಬರಿನ ತಿಂಗಳ ಬಾಡಿಗೆ. ಯುಎಸ್‌ಬಿ ಸೀರಿಯಲ್ ಕೇಬಲ್ಲಿನಲ್ಲಿ ಮಾತ್ರ ಜಿಪುಣತನ ಬೇಡ: ಮೂರೇ ತಂತಿ ಇರುವುದರಲ್ಲಿ ಲೈನ್ ಕೆಳಗಿಡಿಸುವ ಡಿಟಿಆರ್, ಲೈನ್ ಇದೆಯೋ ಹೋಯಿತೋ ತಿಳಿಸುವ ಡಿಸಿಡಿ ಇರಲ್ಲ. ಬಂದವರು ಹೋದದ್ದು ಬೋರ್ಡಿಗೆ ಗೊತ್ತಾಗಲ್ಲ, ಲೈನ್ ಎತ್ತಿದ್ದು ಎತ್ತಿದ ಹಾಗೇ.

ಕರೆ ಎತ್ತೋದು ಎಂಗೆಟಿ (mgetty) ಅನ್ನೋ ಪ್ರೋಗ್ರಾಂ, ಅಲ್ಲಿಂದ ಟೆಲ್ನೆಟ್ ಮೂಲಕ ಬೋರ್ಡ್ ನಡೆಸುವ ಸಿಂಕ್ರೊನೆಟ್‌ಗೆ. ಟೆಲ್ನೆಟ್ಟಿಗೆ -8 ಮತ್ತು -E (ದೊಡ್ಡಕ್ಷರ) ಕೊಡದಿದ್ದರೆ ಝಡ್‌ಮೋಡೆಮ್ (ಫೈಲ್ ಕಳಿಸುವ ಪದ್ಧತಿ) ಡೌನ್‌ಲೋಡ್ ಮುರಿಯುತ್ತೆ. ಪ್ರತಿ ಸಿಆರ್ (ಸಾಲಿನ ಕೊನೆಯ ಗುರುತು) ಆದ ಮೇಲೆ ಒಂದು ನಲ್ (ಸೊನ್ನೆ ಬೈಟ್) ಸೇರಿಕೊಳ್ಳುತ್ತೆ.

ಆಮೇಲೆ ಕಾಡಿದ್ದು ಬಫರ್. ಉದ್ದದ ಮೆಸೇಜ್ ಓಡುತ್ತಿರುವಾಗ ಸಾಕು ಅಂತ ಕೀ ಒತ್ತಿದರೂ ಒಂದೆರಡು ಕೆಬಿ ಆಗಲೇ ಮೋಡೆಮ್ ಹೊಟ್ಟೆ ಸೇರಿರುತ್ತೆ. ಸೆಕೆಂಡಿಗೆ 240 ಅಕ್ಷರದ ಲೆಕ್ಕದಲ್ಲಿ ನಾಲ್ಕರಿಂದ ಎಂಟು ಸೆಕೆಂಡ್ ಸುರಿಯುತ್ತಲೇ ಇರುತ್ತೆ. ಹಳೇ ಬೋರ್ಡುಗಳ ರುಚಿ ಇದ್ದದ್ದೇ ಅಲ್ಲಿ: ಒಂದಕ್ಷರ ಒತ್ತು, ಮೆನು ಅಲ್ಲೇ ನಿಲ್ಲಬೇಕು. ನಡುವೆ ಒಂದು ಪುಟ್ಟ ಪ್ರೋಗ್ರಾಂ ಇಟ್ಟು ಅಕ್ಷರಗಳನ್ನು ಎಣಿಸಿ ಬಿಡುತ್ತೇನೆ, ಕೀ ಬಂದ ಕೂಡಲೇ ಕಾದಿರುವ ಅಕ್ಷರಗಳ ಸಾಲನ್ನೇ ಖಾಲಿ ಮಾಡುತ್ತೇನೆ. ಅದರ ಕೋಡ್ ಕೇಳಬೇಡಿ.

ಕನ್ನಡ ಮೆಸೇಜನ್ನೂ ನೋಡಿದ್ದಾಯಿತು. ಯುಟಿಎಫ್-8ನಲ್ಲಿ (ಅಕ್ಷರಗಳನ್ನು ಬೈಟ್ ಮಾಡುವ ಪದ್ಧತಿ) ಕನ್ನಡದ ಪ್ರತಿ ಚಿಹ್ನೆಗೂ 3 ಬೈಟ್, ಒತ್ತಕ್ಷರ ಬಂದಲ್ಲಿ ಟರ್ಮಿನಲ್ಲಿನ ಕಾಲಂ ಓರೆ. ಓದಲಡ್ಡಿಯಿಲ್ಲ, ಆ್ಯನ್ಸಿ (ಅಕ್ಷರ, ಬಣ್ಣಗಳಿಂದಲೇ ಬಿಡಿಸುವ) ಚೌಕಟ್ಟಿನೊಳಗೆ ಹಾಕೋದು ಬೇಡ.

ದಿನಕ್ಕೆ 45 ನಿಮಿಷದ ಮಿತಿ ಇಟ್ಟ ಮೇಲೆ ಜನ ತಾವಾಗಿ ಕ್ಯೂಡಬ್ಲ್ಯುಕೆ ಪ್ಯಾಕೆಟ್ಟಿಗೆ (ಮೆಸೇಜುಗಳನ್ನು ಒಂದೇ ಕಟ್ಟಾಗಿ ಕೊಡುವ ಫೈಲ್) ತಿರುಗಿದರು: ಇಳಿಸಿಕೊಂಡು, ಲೈನ್ ಬಿಟ್ಟು, ನಿಧಾನಕ್ಕೆ ಉತ್ತರ ಬರೆದು ಮತ್ತೆ ಏರಿಸೋದು. ಒಂದೇ ಲೈನಿನ ಬೋರ್ಡಿಗೆ ಬೇರೆ ದಾರಿಯೂ ಇಲ್ಲ.

300 ಬಾಡ್ ಕೂಡ ಓಡಿಸಿದೆ. 1978ರಲ್ಲಿ ಶಿಕಾಗೋದಲ್ಲಿ ಶುರುವಾದ ಮೊದಲ ಬಿಬಿಎಸ್ ಸಿಬಿಬಿಎಸ್ ಕಾಲದ ವೇಗ ಅದು. ಆಗಾಗ ಪ್ಯಾಕೆಟ್ ಕಳೆದುಹೋದರೂ ಲೈನ್ ಬೀಳಲ್ಲ, ಅಲ್ಲೊಂದು ಇಲ್ಲೊಂದು ಕಸದಕ್ಷರ ಬರುತ್ತೆ ಅಷ್ಟೇ. ಸೆಕೆಂಡಿಗೆ 30 ಅಕ್ಷರ, 80 ಬೈ 24ರ ಪರದೆ ತುಂಬಲು 64 ಸೆಕೆಂಡ್. ಆ್ಯನ್ಸಿ ಚಿತ್ರ ಎಲ್ಲಾ ತೆಗೆದು, ಒಂದೇ ಸಾಲಿನ ಎಕ್ಸ್‌ಪರ್ಟ್ ಮೆನು ಇಟ್ಟರೆ ಮಾತ್ರ ಬಳಸಲು ಬರುತ್ತೆ.